ಮೊದಲ ಕಲ್ಲಿಗೂ ಮೊದಲು

ವಿಮರ್ಶೆ ಎಂದ ಕೂಡಲೇ ನಮಗೆ ನೆನಪಾಗುವುದು ಕಥೆ, ಕವಿತೆ, ಕಾದಂಬರಿ. ಈ ಬರಹದಲ್ಲಿ ನಾನು ಓದಲು ಹೊರಟಿರುವುದು ಯಾರೂ ಖುಷಿಗಾಗಿ ಓದದ ಒಂದು ಬಗೆಯ ಗದ್ಯವನ್ನು. ಧಾರ್ಮಿಕ ಮೆರವಣಿಗೆಯ ಮೇಲೆ ದಾಳಿಯಾದಾಗ, ಅಥವಾ ಮೆರವಣಿಗೆಯೇ ದಾಳಿಯಾಗಿ ತಿರುಗಿದಾಗ, ಮಾರನೆಯ ಬೆಳಿಗ್ಗೆ ಪತ್ರಿಕೆಯಲ್ಲಿ ಸುದ್ದಿ ಬರುತ್ತದೆ. ಕೆಲವು ವರ್ಷಗಳ ಮೇಲೆ, ಬಂದರೆ, ಒಂದು ವಿಚಾರಣಾ ಆಯೋಗದ ವರದಿ ಬರುತ್ತದೆ. ಸುದ್ದಿಯನ್ನು ಎಲ್ಲರೂ ಓದುತ್ತಾರೆ, ವರದಿಯನ್ನು ಓದುವವರು ಬೆರಳೆಣಿಕೆಯಷ್ಟು ಮಂದಿ. ಆದರೂ ಒಂದು ಸಮಾಜ ತನ್ನ ಹಿಂಸೆಯ ಬಗ್ಗೆ ತನಗೆ ತಾನೇ ಏನು ಹೇಳಿಕೊಳ್ಳುತ್ತದೆ ಎಂಬುದು ಈ ಎರಡು ಬಗೆಯ ಬರಹಗಳಲ್ಲಿ ಕಾಣುವಷ್ಟು ಸ್ಪಷ್ಟವಾಗಿ ಬೇರೆಲ್ಲೂ ಕಾಣುವುದಿಲ್ಲ ಎಂಬುದು ನನ್ನ ಅನಿಸಿಕೆ.

ಈ ಓದಿಗೆ ನಾನು ಇಳಿಯಲು ಕಾರಣ ನಾನು ನೆಲೆಸಿರುವ ಊರು. ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟ್ ಮೆರವಣಿಗೆಗಳ ಊರು. ಪ್ರತಿ ವರ್ಷ ಜುಲೈ 12ಕ್ಕೆ ಇಲ್ಲಿ ರಜೆ. ಪ್ರಾಟೆಸ್ಟೆಂಟರ ಆರೆಂಜ್ ಆರ್ಡರ್ ಎಂಬ ಸಂಘದವರು 1690ರ ಬಾಯ್ನ್ ಕದನದ ಗೆಲುವನ್ನು ನೆನೆದು, ಕೊರಳಿಗೆ ಕಿತ್ತಳೆ ಬಣ್ಣದ ಪಟ್ಟಿ ಹಾಕಿಕೊಂಡು, ಕೊಳಲು ಡೋಲುಗಳ ಜೊತೆ ಬೀದಿಯಲ್ಲಿ ನಡೆಯುತ್ತಾರೆ. ಆ ಕದನದಲ್ಲಿ ಸೋತ ಕಡೆಯವರಾದ ಕ್ಯಾಥೊಲಿಕರ ಓಣಿಗಳೂ ಇದೇ ಊರಿನಲ್ಲಿವೆ. ಗಣೇಶನ ಮೆರವಣಿಗೆ, ಈದ್ ಮಿಲಾದ್ ಮೆರವಣಿಗೆಗಳನ್ನು ನೋಡುತ್ತಾ ಬೆಳೆದವನಿಗೆ ಇದರಲ್ಲಿ ಅರ್ಥವಾಗದ್ದು ಏನೂ ಇಲ್ಲ. ಡೋಲಿನ ಸದ್ದು ಯಾವ ಕಟ್ಟಡದ ಮುಂದೆ ಬಂದಾಗ ಜೋರಾಗುತ್ತದೆ ಎಂಬ ಲೆಕ್ಕ ಎರಡೂ ಕಡೆ ಒಂದೇ.

ಮೊದಲು ನಮ್ಮ ಸುದ್ದಿಯ ಕನ್ನಡವನ್ನು ನೋಡೋಣ. 2023ರ ಅಕ್ಟೋಬರ್ 1ರಂದು ಶಿವಮೊಗ್ಗದ ರಾಗಿಗುಡ್ಡದಲ್ಲಿ ಈದ್ ಮಿಲಾದ್ ಮೆರವಣಿಗೆಯ ದಿನ, 2024ರ ಸೆಪ್ಟೆಂಬರ್ 11ರಂದು ನಾಗಮಂಗಲದಲ್ಲಿ ಗಣೇಶನ ಮೆರವಣಿಗೆಯ ದಿನ, 2025ರ ಸೆಪ್ಟೆಂಬರ್ 7ರಂದು ಮದ್ದೂರಿನಲ್ಲಿ ಮತ್ತೆ ಗಣೇಶನ ಮೆರವಣಿಗೆಯ ದಿನ ಕಲ್ಲುಗಳು ಬಿದ್ದವು. ನಾಗಮಂಗಲದಲ್ಲಿ ಅಂಗಡಿಗಳು ಸುಟ್ಟವು, ಅಲ್ಲಿನ ಇನ್‌ಸ್ಪೆಕ್ಟರ್ ಅಮಾನತಾದರು. ಊರು ಬೇರೆ, ಹಬ್ಬ ಬೇರೆ, ಪೆಟ್ಟು ತಿಂದವರು ಬೇರೆ. ಆದರೆ ಇಂಥ ಸುದ್ದಿಗಳಲ್ಲಿ ಓಡಾಡುವ ಪದಗಳು ಮಾತ್ರ ದಶಕಗಳಿಂದ ಅವೇ. ‘ಕಲ್ಲು ತೂರಾಟ ನಡೆದಿದೆ’. ‘ಕಿಡಿಗೇಡಿಗಳು ಬೆಂಕಿ ಹಚ್ಚಿದ್ದಾರೆ’. ‘ಪರಿಸ್ಥಿತಿ ಬೂದಿ ಮುಚ್ಚಿದ ಕೆಂಡದಂತಿದೆ’. ‘ಬಿಗಿ ಬಂದೋಬಸ್ತ್ ಮಾಡಲಾಗಿದೆ’.

ಈ ಪದಗಳನ್ನು ಒಂದೊಂದಾಗಿ ಎತ್ತಿ ನೋಡಿ. ‘ತೂರಾಟ ನಡೆದಿದೆ’ ಎನ್ನುವಾಗ ತೂರಿದವರು ವಾಕ್ಯದಿಂದ ಹೊರಗೆ ಉಳಿಯುತ್ತಾರೆ, ಮಳೆ ಬಂದಂತೆ ಕಲ್ಲು ಬಂತು ಎಂಬಂತೆ. ‘ಕಿಡಿಗೇಡಿ’ಗೆ ತಂದೆತಾಯಿ ಇಲ್ಲ, ಓಣಿ ಇಲ್ಲ, ಮೇಷ್ಟ್ರಿಲ್ಲ, ಅವನಿಗೆ ಹಣ ಕೊಟ್ಟವರಿಲ್ಲ, ಹುರಿದುಂಬಿಸಿದವರಿಲ್ಲ. ಅವನು ಎಲ್ಲಿಂದಲೋ ಬಂದು ಎಲ್ಲಿಗೋ ಹೋಗುತ್ತಾನೆ, ಆದ್ದರಿಂದ ಊರಿಗೆ ಅವನ ಬಗ್ಗೆ ಉತ್ತರ ಹೇಳುವ ಕೆಲಸ ಇರುವುದಿಲ್ಲ. ‘ಬೂದಿ ಮುಚ್ಚಿದ ಕೆಂಡ’ ಎಂಬ ಮಾತಂತೂ ಸವೆದು ಸವೆದು ಅರ್ಥವನ್ನೇ ಕಳೆದುಕೊಂಡಿದೆ. ಆ ಕೆಂಡದ ಮೇಲೆ ಬೂದಿ ಮುಚ್ಚಿದವರು ಯಾರು, ಎಷ್ಟು ವರ್ಷದಿಂದ ಮುಚ್ಚುತ್ತಿದ್ದರು ಎಂದು ಬರೆದವರೂ ಕೇಳುವುದಿಲ್ಲ, ಓದುವವರೂ ಕೇಳುವುದಿಲ್ಲ.

ಇದಕ್ಕೆ ಪೂರ್ತಿ ಎದುರಾದ ಇನ್ನೊಂದು ಪದವಿದೆ: ‘ಅನ್ಯಕೋಮಿನವರು’. ಇಲ್ಲಿ ಮಾಡಿದವರು ಇದ್ದಾರೆ, ಬೇಕಾದ್ದಕ್ಕಿಂತ ಹೆಚ್ಚೇ ಇದ್ದಾರೆ. ಕಲ್ಲೆಸೆದ ಹತ್ತು ಹುಡುಗರ ಜಾಗದಲ್ಲಿ ಒಂದು ಇಡೀ ಕೋಮು ನಿಂತಿದೆ. ‘ಅನ್ಯ’ ಎಂದರೆ ಯಾರಿಗೆ ಅನ್ಯ? ಆ ಪತ್ರಿಕೆಯನ್ನು ಓದುವವರೆಲ್ಲ ಒಂದೇ ಕೋಮಿನವರು ಎಂದು ಆ ಪದ ಮೊದಲೇ ನಿರ್ಧರಿಸಿಬಿಟ್ಟಿದೆ. ಚಹಾದಂಗಡಿಯಲ್ಲಿ ಅದೇ ಪತ್ರಿಕೆಯನ್ನು ಬಿಡಿಸಿ ಕೂತ ಕನ್ನಡ ಓದುವ ಮುಸ್ಲಿಮನೊಬ್ಬ ಆ ಪದದ ಎದುರು ಏನು ಮಾಡಬೇಕು? ಹೀಗೆ ನಮ್ಮ ಸುದ್ದಿಭಾಷೆಗೆ ಎರಡೇ ದಾರಿ ಗೊತ್ತು. ಒಂದೋ ಯಾರೂ ಮಾಡಿಲ್ಲ, ಇಲ್ಲವೇ ಅವರೆಲ್ಲರೂ ಸೇರಿ ಮಾಡಿದ್ದಾರೆ. ಸಾರ್ವಜನಿಕ ಹೊಣೆ ಇರುವುದು ಈ ಎರಡರ ನಡುವೆ. ಅದನ್ನು ಹೇಳಲು ತಾಳ್ಮೆಯ ಗದ್ಯ ಬೇಕು. ಅಂಥ ಗದ್ಯ ಇದೆಯೇ ಎಂದು ಹುಡುಕುತ್ತಾ ನಾನು ವರದಿಗಳ ಕಡೆಗೆ ಹೋದೆ.

1972ರ ಏಪ್ರಿಲ್ ತಿಂಗಳಲ್ಲಿ, ಕೆಲವೇ ದಿನಗಳ ಅಂತರದಲ್ಲಿ, ಉತ್ತರ ಐರ್ಲೆಂಡಿನ ಬಗ್ಗೆ ಎರಡು ವರದಿಗಳು ಪ್ರಕಟವಾದವು. ಎರಡರಲ್ಲೂ ಡೆರಿ ಪಟ್ಟಣ ಬರುತ್ತದೆ, ಎರಡೂ ಕಡೆ ಒಂದು ಮೆರವಣಿಗೆ ಇದೆ. ಒಂದನ್ನು ಬರೆದವರು ನ್ಯಾಯಮೂರ್ತಿ ಸ್ಕಾರ್ಮನ್, ವಿಷಯ 1969ರ ಗಲಭೆಗಳು. ಇನ್ನೊಂದನ್ನು ಬರೆದವರು ಲಾರ್ಡ್ ವಿಜರಿ, ವಿಷಯ 1972ರ ಜನವರಿ 30ರ ‘ರಕ್ತಸಿಕ್ತ ಭಾನುವಾರ’. ಈ ಎರಡನೆಯದು ಧಾರ್ಮಿಕ ಮೆರವಣಿಗೆಯಲ್ಲ, ನಾಗರಿಕ ಹಕ್ಕುಗಳಿಗಾಗಿ ನಡೆದದ್ದು. ಅಂದು ಬ್ರಿಟಿಷ್ ಸೈನಿಕರ ಗುಂಡಿಗೆ 13 ಮಂದಿ ಸತ್ತರು, ಗಾಯಗೊಂಡಿದ್ದ ಇನ್ನೊಬ್ಬರು ಆಮೇಲೆ ತೀರಿಕೊಂಡರು. ಆದರೂ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಓದಬೇಕು, ಏಕೆಂದರೆ ಕಥೆಯನ್ನು ಎಲ್ಲಿಂದ ಶುರು ಮಾಡಬೇಕು ಎಂಬ ಒಂದು ಆಯ್ಕೆಯಲ್ಲೇ ಅವು ಬೇರೆಯಾಗುತ್ತವೆ.

ವಿಜರಿ ತಮ್ಮ ವಿಚಾರಣೆಯ ಗಡಿಯನ್ನು ಬಹಳ ಚಿಕ್ಕದಾಗಿ ಹಾಕಿಕೊಂಡರು. ಜಾಗವೆಂದರೆ ಡೆರಿಯ ಬೀದಿಗಳು, ಕಾಲವೆಂದರೆ ಮೆರವಣಿಗೆಯಲ್ಲಿ ಹಿಂಸೆ ಕಾಣಿಸಿಕೊಂಡ ಗಳಿಗೆಯಿಂದ ಗುಂಡು ನಿಂತ ಗಳಿಗೆಯವರೆಗೆ. ಹನ್ನೊಂದು ವಾರಗಳಲ್ಲಿ ವರದಿ ಮುಗಿಯಿತು. ಕಥೆ ಕಲ್ಲಿನಿಂದ ಶುರುವಾದ ಮೇಲೆ ತೀರ್ಪು ಬೇರೆ ಹೇಗೆ ಬರಬೇಕು? ಕಾನೂನುಬಾಹಿರವಾಗಿ ಮೆರವಣಿಗೆ ಕರೆದವರು ಅಪಾಯದ ಸ್ಥಿತಿ ತಂದಿಡದಿದ್ದರೆ ಸಾವುಗಳಾಗುತ್ತಿರಲಿಲ್ಲ ಎಂಬುದು ಅವರ ನಿರ್ಣಯಗಳಲ್ಲಿ ಮೊಟ್ಟಮೊದಲನೆಯದು. ಆ ವರದಿಯನ್ನು ಸರಿಪಡಿಸಲು ಇನ್ನೊಂದು ವಿಚಾರಣೆ ಬೇಕಾಯಿತು. ಲಾರ್ಡ್ ಸಾವಿಲ್ ಅವರ ಆ ವಿಚಾರಣೆ 1998ರಲ್ಲಿ ನೇಮಕವಾಗಿ 2010ರ ಜೂನ್ 15ರಂದು ಹತ್ತು ಸಂಪುಟಗಳ ವರದಿಯಾಗಿ ಹೊರಬಂತು. ಅಂದೇ ಪ್ರಧಾನಿ ಡೇವಿಡ್ ಕ್ಯಾಮರನ್ ಸಂಸತ್ತಿನಲ್ಲಿ ಕ್ಷಮೆ ಕೇಳಿದರು. ಹನ್ನೊಂದು ವಾರದ ಅವಸರವನ್ನು ತೊಳೆಯಲು 38 ವರ್ಷ ಹಿಡಿಯಿತು.

ಸ್ಕಾರ್ಮನ್ ಇನ್ನೊಂದು ಬಗೆಯ ಓದುಗ. 1969ರ ಆಗಸ್ಟ್ 12ರಂದು ಡೆರಿಯಲ್ಲಿ ಅಪ್ರೆಂಟಿಸ್ ಬಾಯ್ಸ್ ಎಂಬ ಪ್ರಾಟೆಸ್ಟೆಂಟ್ ಸಂಘದ ವಾರ್ಷಿಕ ಮೆರವಣಿಗೆ. ಅದು ಕ್ಯಾಥೊಲಿಕರ ಬಾಗ್‌ಸೈಡ್ ಓಣಿಯ ಅಂಚಿಗೆ ಬಂದಾಗ ಕಲ್ಲುಗಳು ಹಾರಿದವು. ಪೊಲೀಸರು ಓಣಿಯೊಳಕ್ಕೆ ನುಗ್ಗಲು ಹೊರಟರು, ಜನ ತಡೆಗಟ್ಟಿದರು, ಎರಡು ಹಗಲು ಎರಡು ರಾತ್ರಿ ಕಳೆದ ಮೇಲೆ ಸೈನ್ಯ ಬಂತು. ಅಂದಿನ ದಿನವನ್ನು ನೆನೆಯುವವರು ಹೇಳುವ ಒಂದು ಸಣ್ಣ ಸಂಗತಿ ನನ್ನ ಮನಸ್ಸಿನಲ್ಲಿ ಉಳಿದಿದೆ. ಕಲ್ಲುಗಳಿಗೂ ಮೊದಲು, ಕೋಟೆಯ ಗೋಡೆಯ ಮೇಲಿದ್ದ ಕೆಲವರು ಕೆಳಗಿನ ಬಡ ಓಣಿಯವರತ್ತ ಪೆನ್ನಿ ಕಾಸುಗಳನ್ನು ಎಸೆದಿದ್ದರು. ಕಾಸು ತಗುಲಿ ಯಾರ ತಲೆಯೂ ಒಡೆಯುವುದಿಲ್ಲ. ಅದು ಯಾವ ದೂರಿನಲ್ಲೂ ಆರೋಪವಾಗಿ ನಿಲ್ಲುವುದಿಲ್ಲ. ಆದರೆ ಆ ಕಾಸನ್ನು ಬಿಟ್ಟು ಕಲ್ಲಿನಿಂದ ಕಥೆ ಹೇಳಿದರೆ ಅದು ಅರ್ಧ ಕಥೆ. ಹಾಗೆಂದು ಕಾಸು ಕಲ್ಲನ್ನು ಸಮರ್ಥಿಸುವುದೂ ಇಲ್ಲ.

ಸ್ಕಾರ್ಮನ್ ಆ ವರ್ಷದ ಮಾರ್ಚ್‌ನಿಂದಲೇ ಘಟನೆಗಳನ್ನು ಜೋಡಿಸುತ್ತಾ ಬಂದರು. ಇದರ ಹಿಂದೆ ಸಂಚಿದೆ ಎಂದು ಎರಡೂ ಕಡೆಯವರು ಆಗ ಹೇಳುತ್ತಿದ್ದರು. ಸ್ಕಾರ್ಮನ್‌ಗೆ ಸಂಚು ಕಾಣಲಿಲ್ಲ, ಬಹಳ ಕಾಲದಿಂದ ಕಟ್ಟಿಬಂದ ರಾಜಕೀಯ, ಸಾಮಾಜಿಕ, ಆರ್ಥಿಕ ಗಂಟು ಕಂಡಿತು. ಪೊಲೀಸ್ ಪಡೆ ಒಟ್ಟಾರೆಯಾಗಿ ಒಂದು ಕಡೆಯ ಗುಂಪಿನ ಜೊತೆ ಕೈಜೋಡಿಸಿತ್ತು ಎಂಬ ಆರೋಪವನ್ನು ಅವರು ಒಪ್ಪಲಿಲ್ಲ. ಆದರೆ ಆರು ಸಂದರ್ಭಗಳಲ್ಲಿ ಆ ಪಡೆ ಗಂಭೀರವಾಗಿ ತಪ್ಪಿತು ಎಂದು ಒಂದೊಂದನ್ನೂ ಬಿಡಿಸಿ ಬರೆದರು. ನನಗೆ ಮುಖ್ಯವೆನಿಸುವುದು ಈ ಬಿಡಿಸಿ ಬರೆಯುವ ಗುಣ. ‘ಪೊಲೀಸರೇ ಹಾಗೆ’ ಎಂದೂ ಅಲ್ಲ, ‘ಪೊಲೀಸರು ಶ್ರಮಿಸಿದರು’ ಎಂದೂ ಅಲ್ಲ. ಇಂಥ ಜಾಗದಲ್ಲಿ, ಇಂಥ ಹೊತ್ತಿನಲ್ಲಿ, ಇದು ತಪ್ಪು.

ನಮ್ಮ ದೇಶದಲ್ಲಿ ಇದಕ್ಕೆ ಸಮನಾಗಿ ನಿಲ್ಲುವ ಬರಹವಿದೆಯೇ ಎಂದರೆ, ಇದೆ. ಮುಂಬಯಿ ಹೈಕೋರ್ಟಿನ ನ್ಯಾಯಮೂರ್ತಿ ಡಿ.ಪಿ. ಮದನ್ ಅವರ ಆಯೋಗದ ವರದಿ. 1970ರ ಮೇ 7ರಂದು ಮಗ್ಗಗಳ ಊರಾದ ಭಿವಂಡಿಯಲ್ಲಿ ಶಿವಜಯಂತಿ ಮೆರವಣಿಗೆ ಹೊರಟಿತು, ಅದರ ಮೇಲೆ ಕಲ್ಲುಗಳು ಬಿದ್ದವು, ಊರು ಹತ್ತಿ ಉರಿಯಿತು. ಭಿವಂಡಿಯೊಂದರಲ್ಲೇ 78 ಮಂದಿ ಸತ್ತರು, ಅವರಲ್ಲಿ ಹೆಚ್ಚಿನವರು ಮುಸ್ಲಿಮರು. ಬೆಂಕಿ ಜಳಗಾಂವ್, ಮಹಾಡ್‌ಗಳಿಗೂ ಹಬ್ಬಿತು. ಮೊದಲ ಕಲ್ಲು ಬಿದ್ದದ್ದು ಮೆರವಣಿಗೆಯ ಮೇಲೆಯೇ, ಇದರಲ್ಲಿ ಅನುಮಾನವಿಲ್ಲ. ವಿಜರಿಯಂಥ ಓದುಗನಾಗಿದ್ದರೆ ಕಥೆ ಅಲ್ಲಿಗೆ ಮುಗಿಯುತ್ತಿತ್ತು.

ಮದನ್ 1964ಕ್ಕೆ ಹೋದರು. ಭಿವಂಡಿಯಲ್ಲಿ ಈ ಮೆರವಣಿಗೆ ಶುರುವಾದದ್ದು ಆ ವರ್ಷದಿಂದ. ಅದು ಯಾವ ದಾರಿಯಲ್ಲಿ ಹೋಯಿತು, ಯಾವ ಮಸೀದಿಯ ಮುಂದೆ ನಿಂತಿತು, ಗುಲಾಲು ಎಲ್ಲಿ ಎರಚಿದರು, ಯಾವ ಘೋಷಣೆ ಕೂಗಿದರು, ಅದಕ್ಕೆ ಎದುರಾಗಿ ಇನ್ನೊಂದು ಕಡೆ ಏನೇನು ತಯಾರಿ ನಡೆಯಿತು ಎಂದು ವರ್ಷ ವರ್ಷವೂ ಹಿಂಬಾಲಿಸಿಕೊಂಡು ಬಂದರು. 1970ರಲ್ಲಿ ಆಯುಧ ಹಿಡಿಯಬಾರದೆಂಬ ನಿಷೇಧವಿತ್ತು. ಅದನ್ನು ತಪ್ಪಿಸಲು ಲಾಠಿಗಳಿಗೆ ಬಾವುಟ ಕಟ್ಟಿಕೊಂಡು ಬಂದರು ಎಂಬುದನ್ನು ಅವರು ಬಿಡದೆ ದಾಖಲಿಸಿದರು. ಎರಡೂ ಕಡೆಯ ಸಂಘಟನೆಗಳನ್ನು ಹೆಸರು ಹಿಡಿದು ಚರ್ಚಿಸಿದರು. ಗಲಭೆಯ ತನಿಖೆಗೆಂದೇ ನೇಮಿಸಿದ್ದ ವಿಶೇಷ ಪೊಲೀಸ್ ತಂಡ ಒಂದು ಕಡೆಯವರಿಗೆ ಒಂದು ಅಳತೆ, ಇನ್ನೊಂದು ಕಡೆಯವರಿಗೆ ಇನ್ನೊಂದು ಅಳತೆ ಹಿಡಿಯಿತು ಎಂದು ಬರೆಯಲು ಅವರು ಹಿಂಜರಿಯಲಿಲ್ಲ. ಆ ವರದಿಯಲ್ಲಿ ‘ಕಿಡಿಗೇಡಿ’ ಎಂಬ ಅನಾಮಿಕನಿಗೆ ಆಶ್ರಯವಿಲ್ಲ, ‘ಅವರೆಲ್ಲರೂ’ ಎಂಬ ಸೋಮಾರಿತನಕ್ಕೂ ಜಾಗವಿಲ್ಲ.

ಆದರೆ ವರದಿಗೆ ಒಂದು ಮಿತಿ ಇದ್ದೇ ಇದೆ. 1975ರಲ್ಲಿ ಮದನ್ ಮಾತು ಮುಗಿಸಿದರು. 1984ರ ಮೇ ತಿಂಗಳಲ್ಲಿ ಭಿವಂಡಿ ಮತ್ತೆ ಹೊತ್ತಿಕೊಂಡಿತು. ಸತ್ಯವನ್ನು ಬರೆದಿಟ್ಟ ಮಾತ್ರಕ್ಕೆ ಊರು ಬದಲಾಗುವುದಿಲ್ಲ. ಊರು ಬದಲಾದದ್ದು ಆ ದಶಕದ ಕೊನೆಯಲ್ಲಿ, ಸುರೇಶ್ ಖೋಪಡೆ ಎಂಬ ಪೊಲೀಸ್ ಅಧಿಕಾರಿ ಅಲ್ಲಿಗೆ ಬಂದ ಮೇಲೆ. ಅವರು ಓಣಿ ಓಣಿಗೆ ಮೊಹಲ್ಲಾ ಸಮಿತಿಗಳನ್ನು ಕಟ್ಟಿದರು. ಪುಢಾರಿಗಳ ಬದಲು ಅಲ್ಲೇ ದಿನ ಬೆಳಗಾದರೆ ಮುಖ ನೋಡುವ ಹಿಂದೂ ಮುಸ್ಲಿಂ ನಿವಾಸಿಗಳನ್ನು ಒಟ್ಟಿಗೆ ಕೂರಿಸಿದರು, ಜೊತೆಗೆ ಆ ಬೀಟಿನ ಪೇದೆಯನ್ನೂ. ಗಲಭೆಯ ಭಯವಿಲ್ಲದ ತಿಂಗಳಲ್ಲೂ ಅವರು ಸೇರುತ್ತಿದ್ದರು. ನಳ್ಳಿ ನೀರು, ಚರಂಡಿ, ಮನೆ ಜಗಳ, ಏನಿದ್ದರೂ ಮಾತಾಡುತ್ತಿದ್ದರು. 1992ರ ಡಿಸೆಂಬರ್ ಮತ್ತು 1993ರ ಜನವರಿಯಲ್ಲಿ ಪಕ್ಕದ ಮುಂಬಯಿ ಉರಿಯುತ್ತಿದ್ದಾಗ ಭಿವಂಡಿ ತಣ್ಣಗಿತ್ತು. ಮುಂಬಯಿ ಉರಿಯಿತು, ಭಿವಂಡಿ ಏಕೆ ಉರಿಯಲಿಲ್ಲ ಎಂಬ ಪ್ರಶ್ನೆಯನ್ನೇ ಖೋಪಡೆ ಮುಂದೆ ಮರಾಠಿಯಲ್ಲಿ ಒಂದು ಪುಸ್ತಕದ ಹೆಸರಾಗಿಸಿದರು. ವಿದ್ವಾಂಸ ಆಶುತೋಷ್ ವಾರ್ಷ್ಣೇಯ ಕೂಡ ಕೋಮು ಹಿಂಸೆಯ ಬಗೆಗಿನ ತಮ್ಮ ಅಧ್ಯಯನದಲ್ಲಿ ಈ ಊರಿನ ಉದಾಹರಣೆಗೆ ತೂಕ ಕೊಟ್ಟಿದ್ದಾರೆ.

ಇದಕ್ಕೆ ಹೋಲಿಸಿ ನಮ್ಮ ‘ಶಾಂತಿ ಸಭೆ’ಯನ್ನು ನೋಡಿ. ಹಬ್ಬಕ್ಕೆ ನಾಲ್ಕು ದಿನ ಇರುವಾಗ ಠಾಣೆಯ ಅಂಗಳದಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿ, ಎರಡೂ ಕಡೆಯ ಮುಖಂಡರನ್ನು ಕರೆದು, ಚಹಾ ಬಿಸ್ಕತ್ತು ಕೊಟ್ಟು, ಸೌಹಾರ್ದದಿಂದ ಆಚರಿಸಿ ಎಂದು ಹೇಳಿ ಕಳಿಸುವುದು. ದಾರಿ ಯಾವುದು, ಎಷ್ಟು ಹೊತ್ತಿಗೆ, ಯಾವ ಜಾಗದಲ್ಲಿ ಡಿ.ಜೆ. ನಿಲ್ಲಬೇಕು ಎಂಬುದು ಅಲ್ಲಿ ನಿರ್ಧಾರವಾದರೂ ಊರಿಗೆ ಗೊತ್ತಾಗುವುದಿಲ್ಲ. ಮೆರವಣಿಗೆಯ ದಾರಿ ಮತ್ತು ಹೊತ್ತನ್ನು ಗೊತ್ತುಪಡಿಸುವ ಅಧಿಕಾರ ನಮ್ಮ ಪೊಲೀಸರಿಗೆ 1861ರ ಪೊಲೀಸ್ ಕಾಯ್ದೆಯ ಕಾಲದಿಂದಲೂ ಇದೆ. ಆ ನಿರ್ಧಾರಕ್ಕೆ ಕಾರಣ ಕೊಟ್ಟು ಮುಂಚಿತವಾಗಿ ಎಲ್ಲರಿಗೂ ಕಾಣುವಂತೆ ಬರೆದು ಹಾಕುವ ಪರಿಪಾಠ ಮಾತ್ರ ಬೆಳೆದಿಲ್ಲ.

ನಾನಿರುವ ಕಡೆ ಅದು ಬೆಳೆದದ್ದು ಸುಮ್ಮನೆ ಅಲ್ಲ, ತುಂಬಾ ಪೆಟ್ಟು ತಿಂದ ಮೇಲೆ. ಪೋರ್ಟಡೌನ್ ಎಂಬ ಊರಿನಲ್ಲಿ ಆರೆಂಜ್ ಆರ್ಡರ್‌ನವರು ಡ್ರಮ್‌ಕ್ರೀ ಚರ್ಚಿಗೆ ಹೋಗಿ ಪ್ರಾರ್ಥನೆ ಮುಗಿಸಿ ಹಿಂದಿರುಗುವ ಮೆರವಣಿಗೆ 1807ರಷ್ಟು ಹಳೆಯದು. ಹಿಂದಿರುಗುವ ದಾರಿ ಕ್ಯಾಥೊಲಿಕರು ವಾಸಿಸುವ ಗಾರ್ವಾಹಿ ರಸ್ತೆ. 1995ರಿಂದ ಪ್ರತಿ ಜುಲೈಯಲ್ಲೂ ಅಲ್ಲಿ ಎದುರುಬದುರು ನಿಲ್ಲುವುದಾಯಿತು. 1996ರಲ್ಲಿ ಪೊಲೀಸರು ಮೊದಲು ತಡೆದು, ಹಿಂಸೆ ಹೆಚ್ಚಿದ ಮೇಲೆ ಮಣಿದು ಬಿಟ್ಟುಕೊಟ್ಟರು. ಗಲಾಟೆ ಮಾಡಿದರೆ ದಾರಿ ಸಿಗುತ್ತದೆ ಎಂಬ ಪಾಠ ಎರಡೂ ಕಡೆಗೆ ಸಿಕ್ಕಿತು. ಆಮೇಲೆ ಪೀಟರ್ ನಾರ್ತ್ ನೇತೃತ್ವದ ಸಮಿತಿ 1997ರ ಜನವರಿಯಲ್ಲಿ ವರದಿ ಕೊಟ್ಟಿತು, 1998ರ ಕಾಯ್ದೆಯಿಂದ ಪೆರೇಡ್ಸ್ ಕಮಿಷನ್‌ಗೆ ಅಧಿಕಾರ ಬಂತು. ಮೆರವಣಿಗೆ ಮಾಡುವವರು 28 ದಿನ ಮೊದಲು ತಿಳಿಸಬೇಕು, ಅದನ್ನು ವಿರೋಧಿಸಿ ಸಭೆ ಸೇರುವವರು 14 ದಿನ ಮೊದಲು. ಕಮಿಷನ್ ಮೆರವಣಿಗೆಯನ್ನು ನಿಷೇಧಿಸುವಂತಿಲ್ಲ. ದಾರಿ, ಹೊತ್ತು, ವಾದ್ಯ ಇವುಗಳಿಗೆ ಷರತ್ತು ಹಾಕಬಹುದು. ಇಷ್ಟರಿಂದ ಇಷ್ಟರವರೆಗೆ ಒಂದೇ ಡೋಲಿನ ಮಟ್ಟು, ಚರ್ಚಿನ ಮುಂದೆ ಭಕ್ತಿಗೀತೆ ಬಿಟ್ಟು ಬೇರೆ ನುಡಿಸಬಾರದು, ಹೀಗೆ. ಷರತ್ತು ಮತ್ತು ಅದರ ಕಾರಣ ಎರಡನ್ನೂ ಯಾರು ಬೇಕಾದರೂ ಓದಬಹುದು.

ಇದನ್ನು ಓದುವ ಊರಿನ ಗೆಳೆಯರು ಒಂದು ಆಕ್ಷೇಪ ಎತ್ತುತ್ತಾರೆ ಎಂದು ನನಗೆ ಗೊತ್ತು. ರಸ್ತೆ ಎಲ್ಲರದು. ಕಲ್ಲೆಸೆಯುವವನಿಗೆ ಹೆದರಿ ದಾರಿ ಬದಲಿಸಿದರೆ ಕಲ್ಲೆಸೆಯುವವನೇ ಗೆದ್ದಂತಲ್ಲವೇ? ಇದು ಹಗುರವಾದ ಮಾತಲ್ಲ. ಆರೆಂಜ್ ಆರ್ಡರ್‌ನವರು ಹೇಳುವುದೂ ಇದನ್ನೇ. ಉತ್ತರ ಇರುವುದು ನಿರ್ಧಾರ ಯಾವಾಗ ಆಗುತ್ತದೆ ಎಂಬುದರಲ್ಲಿ. ಗಲಾಟೆಯ ಬಿಸಿಯಲ್ಲಿ ದಾರಿ ಬದಲಿಸಿದರೆ ಅದು ಶರಣಾಗತಿ. ಒಂದು ತಿಂಗಳು ಮೊದಲು, ಎರಡೂ ಕಡೆಯವರ ಮಾತು ಕೇಳಿ, ಎಲ್ಲ ಧರ್ಮದ ಮೆರವಣಿಗೆಗೂ ಒಂದೇ ಅಳತೆ ಹಿಡಿದು ಮಾಡಿದರೆ ಅದು ನಿಯಮ. ಕಮಿಷನ್ ಬಂದ ಮೇಲೆ ಎಲ್ಲ ಸುಸೂತ್ರವಾಯಿತು ಎಂದೇನೂ ನಾನು ಹೇಳುತ್ತಿಲ್ಲ. 2013ರಲ್ಲಿ ಉತ್ತರ ಬೆಲ್‌ಫಾಸ್ಟಿನ ಆರ್ಡೊಯ್ನ್ ಹತ್ತಿರ ಸಂಜೆಯ ಮೆರವಣಿಗೆಗೆ ತಡೆ ಬಿದ್ದಾಗ ದಂಗೆಯಾಯಿತು, ಮೂರು ವರ್ಷ ಅಲ್ಲಿ ಪ್ರತಿಭಟನೆಯ ಬಿಡಾರ ನಿಂತಿತ್ತು. 2016ರಲ್ಲಿ ಅಲ್ಲಿನ ಸಂಘದವರು ಮತ್ತು ನಿವಾಸಿಗಳು ಒಪ್ಪಂದಕ್ಕೆ ಬಂದರು. ಒಂದು ಬೆಳಿಗ್ಗೆ ಮೆರವಣಿಗೆ ಆ ರಸ್ತೆ ದಾಟಿತು, ಬಿಡಾರ ಎದ್ದುಹೋಯಿತು. ಮೂರು ವರ್ಷ ಹಿಡಿದರೂ ಅದನ್ನು ಬಗೆಹರಿಸಿದ್ದು ಮಾತುಕತೆ.

ಇಲ್ಲಿ ಒಂದು ಎಚ್ಚರಿಕೆ ಬೇಕು. ದಾರಿ, ಡೋಲು, ಘೋಷಣೆಗಳ ಈ ಲೆಕ್ಕ ಎಲ್ಲ ದಾಳಿಗಳಿಗೂ ಒಗ್ಗುವುದಿಲ್ಲ. 2004ರ ಮಾರ್ಚ್ 2ರಂದು ಇರಾಕಿನ ಕರ್ಬಲಾ ಮತ್ತು ಬಾಗ್ದಾದಿನ ಕಾಝಿಮಿಯಾದಲ್ಲಿ, 2009ರ ಡಿಸೆಂಬರ್ 28ರಂದು ಕರಾಚಿಯ ಎಂ.ಎ. ಜಿನ್ನಾ ರಸ್ತೆಯಲ್ಲಿ, ಆಶೂರಾ ದಿನ ಎದೆ ಬಡಿದುಕೊಂಡು ಶೋಕಿಸುತ್ತಿದ್ದ ಶಿಯಾ ಜನರ ನಡುವೆ ಬಾಂಬುಗಳು ಸಿಡಿದವು. ಕರಾಚಿಯಲ್ಲೇ 40ಕ್ಕೂ ಹೆಚ್ಚು ಜನ ಸತ್ತರು. ಅಲ್ಲಿ ಹೋಗಿ ‘ನೀವು ಆ ದಾರಿಯಲ್ಲಿ ಏಕೆ ಹೋದಿರಿ’ ಎಂದು ಕೇಳುವುದು ಕ್ರೌರ್ಯ. ಅದು ಜಗಳದಿಂದ ಹುಟ್ಟಿದ ಹಿಂಸೆಯಲ್ಲ, ತಯಾರಿ ಮಾಡಿ ಮಾಡಿದ ಕೊಲೆ. ಹಿಂದಕ್ಕೆ ಹೋಗುವ ಓದು ಅಲ್ಲಿಯೂ ಬೇಕು, ಆದರೆ ಅದು ಹೋಗಬೇಕಾದ್ದು ಮೆರವಣಿಗೆಯವರ ಕಡೆಗಲ್ಲ. ಒಂದು ಪಂಥದವರನ್ನು ಮುಸ್ಲಿಮರೇ ಅಲ್ಲ ಎಂದು ವರ್ಷಗಟ್ಟಲೆ ಬೋಧಿಸಿದವರ ಕಡೆಗೆ, ಅದನ್ನು ಕೇಳಿ ಸುಮ್ಮನಿದ್ದ ಆಳುವವರ ಕಡೆಗೆ. ಕರಾಚಿಯಲ್ಲಿ ಸ್ಫೋಟದ ನಂತರ ಸಿಟ್ಟಿಗೆದ್ದ ಗುಂಪುಗಳ ಗಲಭೆಯಲ್ಲಿ ಮಾರುಕಟ್ಟೆಯ ನೂರಾರು ಅಂಗಡಿಗಳು ಸುಟ್ಟವು. ಆ ಅಂಗಡಿಯವರೇನೂ ಬಾಂಬಿಟ್ಟವರಲ್ಲ. ‘ಅವರೆಲ್ಲರೂ’ ಎಂಬ ವ್ಯಾಕರಣ ಕೊನೆಗೆ ಮುಟ್ಟುವುದು ಇಲ್ಲಿಗೇ.

ಮೆರವಣಿಗೆ ಬೇರೆಯವರ ಪೂಜಾಸ್ಥಳದ ಮುಂದೆ ನಿಂತಿತು ಎಂಬ ಒಂದೇ ವಾಕ್ಯಕ್ಕೆ ನಮ್ಮ ನಾಡಿನಲ್ಲಿ ಎರಡು ಅರ್ಥಗಳಿವೆ. ನಾಗಮಂಗಲದಲ್ಲಿ ಗಣೇಶನ ಮೆರವಣಿಗೆ ದರ್ಗಾದ ಹತ್ತಿರ ಬಂದಾಗ ಮಾತಿಗೆ ಮಾತು ಬೆಳೆದು ಅಂಗಡಿಗಳು ಸುಡುವವರೆಗೆ ಹೋಯಿತು. ಬೆಂಗಳೂರಿನಲ್ಲಿ ಚೈತ್ರ ಹುಣ್ಣಿಮೆಯ ರಾತ್ರಿ ಧರ್ಮರಾಯನ ಗುಡಿಯಿಂದ ಹೊರಡುವ ಕರಗ ತವಕ್ಕಲ್ ಮಸ್ತಾನ್ ದರ್ಗಾಕ್ಕೆ ಹೋಗುತ್ತದೆ, ಅಲ್ಲಿ ನಿಲ್ಲುತ್ತದೆ, ಮರ್ಯಾದೆ ಪಡೆದು ಮುಂದೆ ಸಾಗುತ್ತದೆ. ಉತ್ತರ ಕರ್ನಾಟಕದ ಎಷ್ಟೋ ಹಳ್ಳಿಗಳಲ್ಲಿ ಮೊಹರಂ ದೇವರನ್ನು ಹೊತ್ತು ನಡೆಯುವವರಲ್ಲಿ, ಮೊಹರಂ ಪದ ಹಾಡುವವರಲ್ಲಿ ಹಿಂದೂಗಳಿದ್ದಾರೆ. ಇದನ್ನು ಹೇಳಿ ‘ನಮ್ಮದು ಸೌಹಾರ್ದದ ನಾಡು’ ಎಂದು ಬೆನ್ನು ತಟ್ಟಿಕೊಳ್ಳುವುದು ನನ್ನ ಉದ್ದೇಶವಲ್ಲ. ಪರಂಪರೆ ತಾನಾಗಿ ಉಳಿಯುವುದಿಲ್ಲ ಎಂದು ಹೇಳುವುದು ಉದ್ದೇಶ. 2022ರಲ್ಲಿ ಕರಗ ದರ್ಗಾಕ್ಕೆ ಹೋಗಬಾರದು ಎಂಬ ಒತ್ತಾಯ ಬಂತು. ಗುಡಿಯ ಕಡೆಯವರು ಅದಕ್ಕೆ ಒಪ್ಪಲಿಲ್ಲ, ಆ ವರ್ಷವೂ ಕರಗ ಎಂದಿನಂತೆ ಹೋಯಿತು. ಕಲ್ಲು ಬೀಳದ ಕಾರಣ ಅದರ ಬಗ್ಗೆ ಯಾವ ಆಯೋಗವೂ ವರದಿ ಬರೆಯುವುದಿಲ್ಲ. ಆದರೆ ಅಂದು ಗುಡಿಯವರು ತಮ್ಮ ಕಡೆಯವರಿಗೇ ‘ಇಲ್ಲ’ ಎಂದರಲ್ಲ, ಸಾರ್ವಜನಿಕ ಹೊಣೆ ಎಂದು ನಾನು ಕರೆಯುವುದು ಅದನ್ನೇ.

‘ಹೊಣೆ’ ಎಂಬ ಕನ್ನಡ ಪದ ನನಗೆ ಬಹಳ ಇಷ್ಟ. ಅದರ ಹಳೆಯ ಅರ್ಥ ಜಾಮೀನು. ಒಬ್ಬ ಸಾಲ ತೆಗೆದುಕೊಂಡಾಗ ಇನ್ನೊಬ್ಬ ‘ಇವನಿಗೆ ನಾನು ಹೊಣೆ’ ಎಂದು ನಿಲ್ಲುತ್ತಾನೆ. ಹೊಣೆಗಾರ ಸಾಲ ಮಾಡಿದವನಲ್ಲ, ಆ ಹಣದಲ್ಲಿ ಅವನು ಒಂದು ಬಿಡಿಗಾಸನ್ನೂ ಮುಟ್ಟಿಲ್ಲ. ಆದರೂ ಸಾಲಗಾರ ತಪ್ಪಿದರೆ ಉತ್ತರ ಹೇಳಲು ಅವನು ಬರಬೇಕು. ತಪ್ಪು ಮತ್ತು ಹೊಣೆ ಬೇರೆ ಬೇರೆ ಎಂದು ಈ ಪದಕ್ಕೆ ಗೊತ್ತಿದೆ. ಕಲ್ಲೆಸೆದವನ ತಪ್ಪು ಕಲ್ಲೆಸೆದವನದೇ. ಅದನ್ನು ಹೆಸರು ಹಿಡಿದು ಸಾಬೀತು ಮಾಡಿ ಶಿಕ್ಷೆ ಕೊಡುವುದು ನ್ಯಾಯಾಲಯದ ಕೆಲಸ. ಅವನ ಧರ್ಮದವರಿಗೆಲ್ಲ ಅದನ್ನು ಹಂಚುವುದು ಅನ್ಯಾಯ. ಆದರೆ ಅವನು ಯಾರ ಹೆಸರಿನಲ್ಲಿ ಎಸೆದನೋ ಅವರು ‘ನನ್ನ ಹೆಸರಿನಲ್ಲಿ ಬೇಡ’ ಎಂದು ಎದ್ದು ನಿಲ್ಲದಿದ್ದರೆ ಅಲ್ಲಿ ಜಾಮೀನು ಇಲ್ಲದಂತಾಗುತ್ತದೆ.

ಡ್ರಮ್‌ಕ್ರೀಯಲ್ಲಿ ಅಂಥ ಒಂದು ಗಳಿಗೆ ಬಂದಿತ್ತು. 1998ರಲ್ಲಿ ಗಾರ್ವಾಹಿ ರಸ್ತೆಗೆ ಕಮಿಷನ್ ತಡೆ ಹಾಕಿತು, ಸಾವಿರಾರು ಜನ ಹೊಲದಲ್ಲಿ ಜಮಾಯಿಸಿದರು. ಜುಲೈ 12ರ ಬೆಳಗಿನ ಜಾವ, ಅಲ್ಲಿಂದ ದೂರದ ಬ್ಯಾಲಿಮನಿಯಲ್ಲಿ, ಹೆಚ್ಚಾಗಿ ಪ್ರಾಟೆಸ್ಟೆಂಟರೇ ಇದ್ದ ಬಡಾವಣೆಯ ಒಂದು ಕ್ಯಾಥೊಲಿಕ್ ತಾಯಿಯ ಮನೆಗೆ ಪೆಟ್ರೋಲ್ ಬಾಂಬ್ ಬಿತ್ತು. 10, 9, 8 ವರ್ಷದ ಮೂವರು ಅಣ್ಣತಮ್ಮಂದಿರು ಸತ್ತರು. ಇದಕ್ಕೂ ಡ್ರಮ್‌ಕ್ರೀಗೂ ಸಂಬಂಧವಿಲ್ಲ ಎಂದು ವಾದಿಸಿದವರು ಇದ್ದರು. ಆದರೆ ಆರ್ಮಾ ಕೌಂಟಿಯ ಆರೆಂಜ್ ಆರ್ಡರ್‌ನ ಧರ್ಮಗುರು ವಿಲಿಯಂ ಬಿಂಗ್‌ಹ್ಯಾಂ ಅಂದೇ ಚರ್ಚಿನಲ್ಲಿ ನಿಂತು, ಒಂದು ರಸ್ತೆಯಲ್ಲಿ ನಡೆಯುವುದು ಒಂದು ಜೀವಕ್ಕೂ ಸಮವಲ್ಲ, ಈ ಮೂರು ಮಕ್ಕಳ ಜೀವಕ್ಕಂತೂ ಅಲ್ಲವೇ ಅಲ್ಲ ಎಂಬರ್ಥದ ಮಾತು ಹೇಳಿದರು. ಅವರು ಬಾಂಬ್ ಎಸೆದವರಲ್ಲ. ಆ ಮಾತಿಗಾಗಿ ತಮ್ಮವರಿಂದಲೇ ನಿಂದನೆ ಕೇಳಿದರು. ಆ ಸಾವುಗಳ ನಂತರ ಹೊಲದಲ್ಲಿದ್ದ ಗುಂಪು ಕರಗುತ್ತಾ ಬಂತು. ಅಲ್ಲಿಂದೀಚೆಗೆ ಆ ಮೆರವಣಿಗೆ ಗಾರ್ವಾಹಿ ರಸ್ತೆಯಲ್ಲಿ ನಡೆದಿಲ್ಲ.

ಕೊನೆಯದಾಗಿ ನಮ್ಮ ವಿಷಯಕ್ಕೆ ಬರುತ್ತೇನೆ, ಎಂದರೆ ನಾಡಿನಿಂದ ದೂರ ಇರುವ ನಮ್ಮ ವಿಷಯಕ್ಕೆ. ನಾಗಮಂಗಲದ ಹೊಗೆ ನಮ್ಮ ಮೂಗಿಗೆ ಬರುವುದಿಲ್ಲ, ಅದರ ವಿಡಿಯೋ ಮಾತ್ರ ಅರ್ಧ ಗಂಟೆಯಲ್ಲಿ ಬರುತ್ತದೆ. ನಮ್ಮ ಅಂಗಡಿ ಸುಡುವುದಿಲ್ಲ, ನಮ್ಮ ಮಗನ ಮೇಲೆ ಕೇಸು ಬೀಳುವುದಿಲ್ಲ. ಯಾವ ಬೆಲೆಯನ್ನೂ ಕೊಡಬೇಕಾಗಿಲ್ಲದ ಕಾರಣ ನಮ್ಮ ವಾಟ್ಸ್ಯಾಪ್ ಗುಂಪುಗಳಲ್ಲಿ ಸಿಟ್ಟು ಊರಿನವರ ಸಿಟ್ಟಿಗಿಂತ ಒಂದು ಹಿಡಿ ಹೆಚ್ಚೇ ಇರುತ್ತದೆ. ದೂರವಿದ್ದರೆ ವಿವೇಕ ಬರುತ್ತದೆ ಎಂಬುದನ್ನು ನಾನು ಈಗ ನಂಬುವುದಿಲ್ಲ.

ಬೆಲೆ ಕೊಡಬೇಕಾಗಿಲ್ಲ ಎಂಬ ಭ್ರಮೆ 2022ರಲ್ಲಿ ಲೆಸ್ಟರ್‌ನಲ್ಲಿ ಒಡೆಯಿತು. ಬೆಲ್‌ಗ್ರೇವ್ ರಸ್ತೆಯ ದೀಪಾವಳಿಗೆ ಹೆಸರಾದ ಊರು ಅದು. ಆಗಸ್ಟ್ 28ರಂದು ದುಬೈಯಲ್ಲಿ ಭಾರತ ಪಾಕಿಸ್ತಾನಗಳ ಕ್ರಿಕೆಟ್ ಪಂದ್ಯವಾಯಿತು, ಲೆಸ್ಟರ್‌ನ ಬೀದಿಯಲ್ಲಿ ಹೊಡೆದಾಟ ಶುರುವಾಯಿತು. ಮುಸ್ಲಿಂ ಹುಡುಗಿಯೊಬ್ಬಳ ಅಪಹರಣಕ್ಕೆ ಹಿಂದೂ ಗಂಡಸರು ಯತ್ನಿಸಿದರು ಎಂಬ ಸುದ್ದಿ ಹರಡಿತು. ಅಂಥದ್ದು ನಡೆದೇ ಇಲ್ಲ ಎಂದು ಪೊಲೀಸರು ಹೇಳುವಷ್ಟರಲ್ಲಿ ಅದು ಸಾವಿರಾರು ಫೋನುಗಳನ್ನು ಸುತ್ತಿತ್ತು. ಸೆಪ್ಟೆಂಬರ್ 17ರಂದು ಮುಖ ಮುಚ್ಚಿಕೊಂಡ ಯುವಕರು ಜೈ ಶ್ರೀರಾಮ್ ಕೂಗುತ್ತಾ ಮುಸ್ಲಿಮರು ಹೆಚ್ಚಾಗಿರುವ ರಸ್ತೆಯಲ್ಲಿ ಮೆರವಣಿಗೆ ಹೋದರು, ಎದುರು ಗುಂಪು ಸೇರಿತು, ಒಂದು ಗುಡಿಯ ಬಾವುಟವನ್ನು ಕೆಳಗಿಳಿಸಿದರು. ಮೂರು ದಿನದ ಮೇಲೆ ಎರಡೂ ಧರ್ಮದ ಮುಖಂಡರು ಒಟ್ಟಾಗಿ ನಿಂತು ಶಾಂತಿಯ ಹೇಳಿಕೆ ಓದಿದರು. ಆ ಹೇಳಿಕೆಗೆ ಬೆಲೆಯಿದೆ. ಆದರೆ ಆ ಮೂರು ವಾರ ಎರಡೂ ಕಡೆಯ ಫೋನುಗಳಲ್ಲಿ ‘ಮೊದಲು ಶುರು ಮಾಡಿದ್ದು ಅವರೇ’ ಎಂಬ ಮಾತು ಓಡಾಡುತ್ತಿದ್ದಾಗ ಅದನ್ನು ತಡೆದು ನಿಲ್ಲಿಸಬೇಕಾಗಿದ್ದವರು ಮುಖಂಡರಷ್ಟೇ ಅಲ್ಲ. ಆ ಗುಂಪುಗಳಲ್ಲಿ ನಮ್ಮಂಥವರೇ ತುಂಬಿದ್ದರು.

ಮುಂದಿನ ಹಬ್ಬಕ್ಕೂ ಎಲ್ಲೋ ಒಂದು ಕಡೆ ಕಲ್ಲು ಬೀಳಬಹುದು. ಆಗ ‘ಮೊದಲ ಕಲ್ಲು ಯಾರದು’ ಎಂಬ ಪ್ರಶ್ನೆ ಪೊಲೀಸರಿಗೂ ನ್ಯಾಯಾಧೀಶರಿಗೂ ಇರಲಿ, ಅದಕ್ಕೆ ಅವರು ಹೆಸರು ಹಿಡಿದು ಉತ್ತರ ಕೊಡಲಿ. ಉಳಿದ ನಾವು ಮದನ್ ಅವರಂತೆ ಸ್ವಲ್ಪ ಹಿಂದಕ್ಕೆ ಹೋಗಿ ಕೇಳಬೇಕು. ಆ ದಾರಿಯನ್ನು ಯಾರು ಆರಿಸಿದರು? ಅಪಾಯವಿದೆ ಎಂದು ಯಾರಿಗೆ ಗೊತ್ತಿತ್ತು? ಗೊತ್ತಿದ್ದೂ ಯಾರು ಸುಮ್ಮನಿದ್ದರು? ಈ ಪ್ರಶ್ನೆಗಳನ್ನು ಎದುರಿನವರಿಗೆ ಕೇಳುವುದು ಸುಲಭ. ನಮ್ಮದೇ ಗುಂಪಿನಲ್ಲಿ, ನಮ್ಮದೇ ಹೆಸರು ಹಾಕಿ, ನಮ್ಮ ಅಣ್ಣತಮ್ಮಂದಿರು ಓದುವಂತೆ ಕೇಳಿದಾಗಲೇ ನಾವು ಹೊಣೆ ನಿಂತಂತೆ.